ಜೀಪಿನಿಂದ ಬಿಚ್ಚಿಟ್ಟ ಸಾಮಾನು

ನನ್ನ ಕೈಕೆಲಸದ ಬಗ್ಗೆ ನನಗಿದ್ದ ಜಂಬ ಸಣ್ಣದಲ್ಲ. ಈಗಲೂ ಇದೆ, ಸುಳ್ಳೇಕೆ ಹೇಳಲಿ. ಎಪ್ಪತ್ತರ ದಶಕದಲ್ಲಿ ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವಿನ ಗುಡ್ಡದಲ್ಲಿ ಒಂದು ಅದಿರಿನ ಗಣಿ ಇತ್ತು. ಹೆಸರು ಬೇಡ, ಈಗ ಅಲ್ಲಿ ಗುಂಡಿಗಳನ್ನು ಬಿಟ್ಟರೆ ಏನೂ ಉಳಿದಿಲ್ಲ. ಆ ಗಣಿಯ ವರ್ಕ್‌ಶಾಪಿನಲ್ಲಿ ನಾನು ಮೇಸ್ತ್ರಿ. ಹಿರಿಯೂರಿನವನು, ದುರ್ಗದ, ಅಂದರೆ ಚಿತ್ರದುರ್ಗದ, ಗ್ಯಾರೇಜುಗಳಲ್ಲಿ ಎಂಟು ವರ್ಷ ಬೈಗುಳ ತಿಂದು ಕೆಲಸ ಕಲಿತವನು. ಗಾಯಾಳುಗಳನ್ನು ಗುಡ್ಡದಿಂದ ಇಳಿಸಿ ದುರ್ಗದ ಆಸ್ಪತ್ರೆಗೆ ಮುಟ್ಟಿಸಲು ಗಣಿಗೆ ಇದ್ದದ್ದು ಒಂದೇ ಒಂದು ಜೀಪು. ಮಿಲಿಟರಿಯವರು ಹರಾಜು ಹಾಕಿದ್ದು, ನಾಲ್ಕೂ ಗಾಲಿ ಎಳೆಯುವಂಥದ್ದು. ಆ ಜೀಪಿಗೆ ಬೇಕಾದ ಸಾಮಾನನ್ನೆಲ್ಲ ಕೂಡಿಸಿದವನು ನಾನು. ಬೇಕಾದ ದಿನ ಅದನ್ನೆಲ್ಲ ಬಿಚ್ಚಿಟ್ಟವನೂ ನಾನೇ. ಅದರಿಂದ ಒಬ್ಬ ಸತ್ತ, ಇನ್ನೊಬ್ಬನ ಕೆಲಸ ಹೋಯಿತು, ನನಗೆ ಏನೂ ಆಗಲಿಲ್ಲ.

ಜೀಪಿನ ಡ್ರೈವರ್ ತಾಳ್ಯದ ಕಡೆಯವನು. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಮಾತು ಕಡಿಮೆ. ನಾನು ಅವನನ್ನು ಲೇ ಅಂತಲೇ ಕರೆಯುತ್ತಿದ್ದೆ, ಅವನು ನನ್ನನ್ನು ಮೇಸ್ತ್ರಿಗಳೇ ಅನ್ನುತ್ತಿದ್ದ. ಅವನು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲೇ ಮದ್ದು ಸಿಡಿಸುವ ಆಳೊಬ್ಬನಿಗೆ ಕಲ್ಲು ಬಡಿಯಿತು. ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಡ್ರೈವರ್ ಗುಡ್ಡ ಇಳಿದ. ಗುಡ್ಡದ ಬುಡದಲ್ಲಿ ಒಂದು ಹಳ್ಳ. ಎರಡೂ ದಡ ಎರೆಮಣ್ಣು, ಮಳೆ ಬಿದ್ದರೆ ಎತ್ತಿನ ಗಾಡಿಯೇ ಹೂತುಹೋಗುವ ಜಾಗ. ಜೀಪೂ ಹೂತುಕೊಂಡಿತು. ಅದರಲ್ಲಿ ಒಂದು ಸಲಿಕೆ ಇಲ್ಲ, ಒಂದು ಮಾರು ಹಗ್ಗವಿಲ್ಲ. ಡ್ರೈವರ್ ಬರಿಗೈಯಲ್ಲಿ ಗಾಲಿಯ ಮುಂದಿನ ಮಣ್ಣು ಬಗೆದನಂತೆ. ಗಾಯಾಳು ನೀರು ನೀರು ಅಂದ. ಕುಡಿಯುವ ನೀರೂ ಇರಲಿಲ್ಲ. ಡ್ರೈವರ್ ತನ್ನ ಟವೆಲನ್ನು ಹಳ್ಳದ ಕೆಸರುನೀರಲ್ಲಿ ಅದ್ದಿ ಅವನ ಬಾಯಿಗೆ ಹಿಂಡಿದ. ಆಳು ಅವನ ತೊಡೆಯ ಮೇಲೇ ಸತ್ತ.

ಮೂರನೇ ದಿನ ಡ್ರೈವರ್ ವರ್ಕ್‌ಶಾಪಿನ ಬಾಗಿಲಿಗೆ ಬಂದು ನಿಂತ. ಉಗುರಿನ ಸಂದಿಯಲ್ಲಿ ಇನ್ನೂ ಎರೆಮಣ್ಣು ಇತ್ತು.

"ನನ್ ಜೀಪ್ನಾಗೆ ಇನ್ನೊಬ್ರು ಸಾಯಬಾರ್ದು ಮೇಸ್ತ್ರಿಗಳೇ. ಏನೇನು ಬೇಕೋ ಎಲ್ಲಾ ಹಾಕ್ಕೊಡ್ರಿ" ಅಂದ.

ಅಷ್ಟೇ ಅವನು ನನ್ನನ್ನು ಕೇಳಿದ್ದು, ಈ ಕಥೆಯಲ್ಲಿ ಅವನಿಗೆ ಬೇಕಾಗಿದ್ದುದೂ ಅಷ್ಟೇ. ನನಗೆ ಅವನ ದುಃಖಕ್ಕಿಂತ ಕೆಲಸದ ರುಚಿ ಹತ್ತಿತು. ಮಾರನೇ ದಿನವೇ ದುರ್ಗದ ಗುಜರಿ ಅಂಗಡಿಗಳಿಗೆ ಹೋದೆ. ಮುರಿದ ಲಾರಿ ಸ್ಪ್ರಿಂಗಿನ ಪಟ್ಟಿಗಳನ್ನು ತಂದು, ಕಾಯಿಸಿ ಬಗ್ಗಿಸಿ, ಜೀಪಿನ ಬಲಮಗ್ಗುಲಿಗೆ ಕೊಕ್ಕೆಗಳನ್ನು ಮಾಡಿದೆ. ಸಲಿಕೆ, ಪಿಕಾಸಿ, ಹಾರೆ ಮೂರೂ ಅದರಲ್ಲಿ ಕಚ್ಚಿಕೊಂಡು ಕೂರುತ್ತಿದ್ದವು. ಎಂಥ ಕುಲುಕಿಗೂ ಒಂದು ಸದ್ದೂ ಬರುತ್ತಿರಲಿಲ್ಲ, ಕೈ ಹಾಕಿ ಎಳೆದರೆ ಮಾತ್ರ ಕಳಚಿ ಬರುತ್ತಿದ್ದವು. ಎಡಮಗ್ಗುಲಿಗೆ ಎರಡು ಹಲಗೆ, ಅವುಗಳ ಮೈತುಂಬ ಕಬ್ಬಿಣದ ಪಟ್ಟಿ ಹೊಡೆದಿದ್ದೆ, ಕೆಸರಲ್ಲಿ ಗಾಲಿಯ ಕೆಳಗೆ ಕೊಟ್ಟರೆ ಜಾರಬಾರದು ಅಂತ. ಸೀಟಿನಡಿ ಒಂದು ಪೆಟ್ಟಿಗೆ, ಅದರಲ್ಲಿ ನಟ್ಟು ಬಿಚ್ಚುವ ಪಾನಾಗಳು, ಪಂಕ್ಚರ್ ಸಾಮಾನು, ಕೈಪಂಪು, ಜಾಕಿ. ಕೆಸರಲ್ಲಿ ಜಾಕಿ ಇಟ್ಟರೆ ಜೀಪು ಮೇಲೇಳುವ ಬದಲು ಜಾಕಿಯೇ ಕೆಳಗಿಳಿಯುತ್ತದೆ. ಅದಕ್ಕೆ ಜಾಕಿಯ ಕೆಳಗಿಡಲು ಜಾಲಿಮರದ ದಪ್ಪ ತುಂಡೊಂದನ್ನೂ ಸೇರಿಸಿದೆ. ಹಿಂದೆ ಸರಪಣಿ. ಒಳಗೆ ಗಾಯಾಳುವಿನ ಸ್ಟ್ರೆಚರನ್ನು ನೆಲಕ್ಕಿಡದೆ, ಹಳೇ ಲಾರಿ ಟ್ಯೂಬು ಕತ್ತರಿಸಿದ ನಾಲ್ಕು ರಬ್ಬರ್ ಪಟ್ಟಿಗಳಿಂದ ತೂಗುಹಾಕಿದೆ. ಜೀಪು ಎಷ್ಟೇ ಎಗರಿದರೂ ಮಲಗಿದವನಿಗೆ ತೊಟ್ಟಿಲು ತೂಗಿದಷ್ಟೇ ಗೊತ್ತಾಗಬೇಕು. ಹಿಂಬದಿಯಲ್ಲಿ ಎರಡು ನೀರಿನ ಕ್ಯಾನು. ನೀರಿನ ಕ್ಯಾನನ್ನು ಮಾತ್ರ ಡ್ರೈವರ್ ತಾನೇ ನಿಂತು ಬಿಗಿಸಿಕೊಂಡ.

ಎಲ್ಲದಕ್ಕಿಂತ ದೊಡ್ಡದು ಮುಂದಿನ ಬಂಪರಿಗೆ ಹಾಕಿದ ಕೈರಾಟೆ. ಬಾಗೂರಿನ ಹತ್ತಿರ ಬಾವಿ ತೋಡುವವರು ಕಲ್ಲೆತ್ತಲು ಬಳಸಿ ಬಿಸಾಕಿದ್ದ ಉರುಳೆ ಅದು. ಅದಕ್ಕೆ ಹಲ್ಲುಚಕ್ರ ಕೂಡಿಸಿ, ತಂತಿಹಗ್ಗ ಸುತ್ತಿದೆ. ಹಗ್ಗದ ತುದಿಯನ್ನು ಎದುರಿನ ಮರಕ್ಕೋ ಬಂಡೆಗೋ ಬಿಗಿದು ಹಿಡಿ ತಿರುಗಿಸಿದರೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಕೆಸರಿನಿಂದ ಮೇಲೆ ಬರಬೇಕು. ಪರೀಕ್ಷೆಯ ದಿನ ಮ್ಯಾನೇಜರ್ ಸಾಹೇಬರೂ ಬಂದಿದ್ದರು, ಅರ್ಧ ಗಣಿಯೇ ನೆರೆದಿತ್ತು. ಹಿಡಿ ನಾಲ್ಕು ಸುತ್ತು ತಿರುಗಿತು. ಬೋಲ್ಟುಗಳು ಪಟಪಟನೆ ಕಿತ್ತುಬಂದು, ರಾಟೆ ಬಂಪರಿನಿಂದ ಕಳಚಿ ನನ್ನ ಕಾಲಬಳಿಯೇ ಬಿತ್ತು. ಎಲ್ಲರೂ ಹೋ ಅಂತ ನಕ್ಕರು. ಡ್ರೈವರ್ ನಗಲಿಲ್ಲ. ಕಿತ್ತ ಬೋಲ್ಟನ್ನು ಎತ್ತಿ ನೋಡಿ, ಇವು ಸಣ್ಣವಾದವು, ಅರ್ಧ ಇಂಚಿನದು ಹಾಕಿರಿ ಅಂತ ಮೆತ್ತಗೆ ಹೇಳಿದ. ಸಾಹೇಬರು ಅದನ್ನು ಕೇಳಿಸಿಕೊಂಡು, ನೋಡಯ್ಯಾ ಮೇಸ್ತ್ರಿ, ಡ್ರೈವರಿಗಿರೋ ಬುದ್ಧಿ ನಿನಗಿಲ್ಲವಲ್ಲ ಅಂದರು. ಅವನು ಹೇಳಿದ್ದು ಸರಿಯಾಗಿತ್ತು. ನಕ್ಕವರನ್ನೆಲ್ಲ ನಾನು ಎರಡು ದಿನದಲ್ಲಿ ಮರೆತೆ, ಅವನನ್ನು ಮರೆಯಲಿಲ್ಲ.

ಅರ್ಧ ಇಂಚಿನ ಬೋಲ್ಟು ಹಾಕಿದ ಮೇಲೆ ರಾಟೆ ಸಲೀಸಾಗಿ ಕೆಲಸ ಮಾಡಿತು. ಮುಂದಿನ ಒಂದು ವರ್ಷದಲ್ಲಿ ಏಳೆಂಟು ಜನ ಗಾಯಾಳುಗಳು ಆ ಹಳ್ಳ ದಾಟಿ ದುರ್ಗ ಸೇರಿದರು, ಒಬ್ಬರೂ ದಾರಿಯಲ್ಲಿ ಸಾಯಲಿಲ್ಲ. ಹೆಸರು ಯಾರಿಗೆ ಬಂತು? ಡ್ರೈವರಿಗೆ! ಗುಡಿಸಲು ಸಾಲಿನ ಹೆಂಗಸರು ಅವನ ಜೀಪ್ನಾಗೆ ಇಲ್ಲದ್ದೇ ಇಲ್ಲ ಅನ್ನುತ್ತಿದ್ದರು. ಅವನ ಜೀಪಂತೆ! ಉರಿದು ಹೋಗುತ್ತಿತ್ತು ನನಗೆ. ಕೊಕ್ಕೆ ಬಗ್ಗಿಸುವಾಗ ಬೊಬ್ಬೆ ಬಂದಿದ್ದು ನನ್ನ ಅಂಗೈಗೆ, ಕೀರ್ತಿ ಹೊತ್ತವನು ಅವನು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ, ನಿಜ. ಅವನು ಎದುರಿಗೆ ಬಂದರೆ ಸಾಕು, ಗಾಲಿ ತೊಳೆಯಲಿಲ್ಲ, ಸಲಿಕೆಗೆ ಮಣ್ಣು ಮೆತ್ತಿದೆ ಅಂತ ಏನಾದರೊಂದು ತೆಗೆದು ಆಳುಗಳ ಮುಂದೆ ಅವನ ಮಾನ ಕಳೆಯುತ್ತಿದ್ದೆ. ಅವನು ತಲೆ ಬಗ್ಗಿಸಿ ಸಲಿಕೆ ತೊಳೆಯುತ್ತಿದ್ದ. ಅದು ಇನ್ನೂ ಸಿಟ್ಟು ತರಿಸುತ್ತಿತ್ತು.

ಆಯುಧಪೂಜೆ ಬಂತು. ವರ್ಕ್‌ಶಾಪಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹಿಂದಿನ ದಿನವೇ ಪ್ರತಿಯೊಂದು ಹತಾರವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಗೋಡೆಯುದ್ದಕ್ಕೂ ಜೋಡಿಸಿ, ವಿಭೂತಿ ಕುಂಕುಮ ಇಟ್ಟು, ಚೆಂಡುಹೂವಿನ ಸರ ಹಾಕುತ್ತಿದ್ದೆವು. ಒಮ್ಮೆ ಪೂಜೆಗಿಟ್ಟ ಹತಾರವನ್ನು ಮಾರನೇ ದಿನ ಬೆಳಗ್ಗೆಯ ತನಕ ಯಾರೂ ಮುಟ್ಟಬಾರದು. ಬೆಳಗ್ಗೆ ಮೇಸ್ತ್ರಿಯಾದವನು ಕಾಯಿ ಒಡೆದು, ಮೊದಲ ಪಾನಾವನ್ನು ಕೈಗೆತ್ತಿಕೊಳ್ಳಬೇಕು, ಆಮೇಲೆ ಉಳಿದವರು. ಇದು ನಾನು ಮಾಡಿದ ಕಟ್ಟಳೆಯಲ್ಲ. ನನ್ನ ಗುರುವಿನ ಗ್ಯಾರೇಜಿನಲ್ಲಿ ಯಾರೋ ಹಬ್ಬದ ದಿನ ಸುತ್ತಿಗೆ ಮುಟ್ಟಿ ಏಟು ತಿಂದದ್ದನ್ನು ನಾನೇ ನೋಡಿದ್ದೆ.

ಆ ವರ್ಷ ಸಾಹೇಬರು ಪೂಜೆಗೆ ಬರುತ್ತಾರೆಂದು ಗೊತ್ತಾಯಿತು. ಜೀಪಿನ ಸಾಮಾನನ್ನೆಲ್ಲ ಬಿಚ್ಚಿ ನಡುಗೋಡೆಗೆ ಜೋಡಿಸಲು ನಾನು ಹೇಳಿದೆ. ನನ್ನ ಕೆಲಸ ಒಂದೇ ಸಾಲಿನಲ್ಲಿ ಅವರ ಕಣ್ಣಿಗೆ ಬೀಳಲಿ ಅಂತ, ಬೇರೆ ಯಾವ ಭಕ್ತಿಯೂ ಇರಲಿಲ್ಲ. ಡ್ರೈವರ್ ಒಪ್ಪಲಿಲ್ಲ. ಜೀಪಿನ ಸಾಮಾನು ಜೀಪಿನಲ್ಲೇ ಇರಲಿ, ಅಲ್ಲೇ ಕುಂಕುಮ ಇಟ್ಟರಾಯಿತು ಅಂದ. ದೇವರಿಗೆ ನೀನು ಬುದ್ಧಿ ಹೇಳುತ್ತೀಯೇನೋ ಅಂತ ಗದರಿಸಿ, ನಾನೇ ಪಾನಾ ಹಿಡಿದು ಬಿಚ್ಚಿದೆ. ಸಲಿಕೆ, ಹಾರೆ, ಹಲಗೆ, ಸರಪಣಿ, ಜಾಕಿ ಎಲ್ಲ ಹೋದವು. ರಾಟೆಯ ಅರ್ಧ ಇಂಚಿನ ಬೋಲ್ಟುಗಳನ್ನು ಒಂದೊಂದಾಗಿ ಕಳಚುವಾಗ ನನಗೆ ಒಂಥರಾ ಖುಷಿಯಾಯಿತು. ನೀರಿನ ಕ್ಯಾನುಗಳ ನೀರು ಚೆಲ್ಲಿ, ಉಜ್ಜಿ, ಅವಕ್ಕೂ ಹೂವು ಹಾಕಿದೆ. ಸಾಹೇಬರು ಬಂದರು, ಸಾಲನ್ನು ನೋಡಿ ಭೇಷ್ ಮೇಸ್ತ್ರಿ ಅಂದರು, ಪ್ರಸಾದ ತಗೊಂಡು ಹೊಸದುರ್ಗಕ್ಕೆ ಹೊರಟುಹೋದರು.

ಗಣಿಗೆ ಅವತ್ತು ರಜ. ಆದರೆ ಮೇಲಿನ ಗುಂಡಿಯ ಕಂಟ್ರಾಕ್ಟರ್ ನಾಲ್ಕು ಆಳುಗಳನ್ನು ಹಬ್ಬದ ದಿನವೂ ಇಳಿಸಿದ್ದ. ಹಿಂದಿನ ಎರಡು ದಿನ ಸುರಿದ ಮಳೆಗೆ ಗುಂಡಿಯ ಅಂಚು ಸಡಿಲವಾಗಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಅದು ಕುಸಿದು ಒಬ್ಬ ಆಳು ಸೊಂಟದವರೆಗೆ ಸಿಕ್ಕಿಕೊಂಡ. ಹೊಸದಾಗಿ ಮದುವೆಯಾದವನು. ಅವನ ತಾಯಿ ಅದೇ ಗಣಿಯಲ್ಲಿ ಅದಿರು ಕುಟ್ಟುತ್ತಿದ್ದಳು. ಸುದ್ದಿ ಬಂದ ಕೂಡಲೇ ಡ್ರೈವರ್ ಖಾಲಿ ಜೀಪನ್ನು ವರ್ಕ್‌ಶಾಪಿನ ಮುಂದೆ ತಂದು ನಿಲ್ಲಿಸಿದ. ಎಂಜಿನ್ ಆಫ್ ಮಾಡಲಿಲ್ಲ. ನಾನೂ ವೆಲ್ಡರೂ ಕುಳಿತು ಕಡ್ಲೆಪುರಿ ತಿನ್ನುತ್ತಿದ್ದೆವು.

"ಸಾಮಾನು ಕೊಡ್ರಿ ಮೇಸ್ತ್ರಿಗಳೇ, ಮ್ಯಾಲಿನ ಗುಂಡ್ಯಾಗೆ ಮಣ್ಣು ಕುಸಿದೈತೆ. ಹಳ್ಳದಾಗೆ ಕೆಸರೈತೆ" ಅಂದ.

ಪೂಜೆಗಿಟ್ಟಿದ್ದನ್ನು ಬೆಳಗ್ಗೆಯ ತನಕ ಮುಟ್ಟುವ ಹಾಗಿಲ್ಲ ಅಂದೆ. ಪೂಜೆ ಮಾಡಿದ ಜೀಪು ಓಡಬಹುದು, ಸಲಿಕೆ ಬರಬಾರದಾ ಅಂತ ಅವನು ಕೇಳಿದ. ಅವನ ಮಾತು ಸರಿಯಾಗಿದ್ದಾಗಲೇ ನನಗೆ ಸಿಟ್ಟು ನೆತ್ತಿಗೇರುವುದು. ಅವನು ಗೋಡೆಯತ್ತ ಒಂದು ಹೆಜ್ಜೆ ಇಟ್ಟ. ನಾನು ಎದ್ದು ಅಡ್ಡ ನಿಂತೆ.

"ನೀರಿನ ಕ್ಯಾನಾದ್ರೂ ಕೊಡ್ರಿ" ಅಂದ.

"ದೊಡ್ಡ ಡ್ರೈವರ್ ಅಲ್ಲೇನಲೇ ನೀನು? ಊರೆಲ್ಲ ನಿನ್ನೇ ಹೊಗಳ್ತೈತೆ. ಸಾಮಾನಿಲ್ದೆ ಓಡಿಸಿ ತೋರ್ಸು ಹೋಗು."

ಅವನು ನನ್ನ ಮುಖ ನೋಡಿದ. ಕಿತ್ತುಕೊಳ್ಳಲು ಬಂದಿದ್ದರೆ ನಾನು ಬಿಡುತ್ತಿದ್ದೆನೋ ಏನೋ, ಅವನು ನನಗಿಂತ ಗಟ್ಟಿಮುಟ್ಟಾಗಿದ್ದ. ಆದರೆ ಹೊತ್ತು ಹೋಗುತ್ತಿತ್ತು, ಮೇಲೆ ಆಳು ಮಣ್ಣಿನಲ್ಲಿದ್ದ. ಅವನು ತಿರುಗಿ ಜೀಪು ಹತ್ತಿದ. ನಾನು ಕುಳಿತು ಪುರಿ ಕೈಗೆತ್ತಿಕೊಂಡೆ. ವೆಲ್ಡರ್ ತಿನ್ನುವುದನ್ನು ನಿಲ್ಲಿಸಿದ್ದ.

ಆಳನ್ನು ಮಣ್ಣಿನಿಂದ ಎಳೆದು, ತಾಯಿಯನ್ನೂ ಇಬ್ಬರು ಕೂಲಿಗಳನ್ನೂ ಹತ್ತಿಸಿಕೊಂಡು ಅವನು ಗುಡ್ಡ ಇಳಿದ. ಜೀಪು ಅದೇ ಹಳ್ಳದಲ್ಲಿ ಆಕ್ಸಲ್ ಮುಟ್ಟುವ ತನಕ ಹೂತುಕೊಂಡಿತು. ತಳ್ಳಿದರು, ಕೈಯಲ್ಲಿ ಬಗೆದರು, ಗಾಲಿ ತಿರುಗಿದಷ್ಟೂ ಕೆಳಗಿಳಿಯಿತು. ಇಲ್ಲಿ ಸರಪಣಿ, ಹಲಗೆ ಇರುತ್ತಿದ್ದವಲ್ಲ, ಎಲ್ಲಿ ಅಂತ ತಾಯಿ ಕೇಳಿದಳಂತೆ. ಬಿಟ್ಟು ಬಂದೆ ಅಂತ ಡ್ರೈವರ್ ಹೇಳಿದ. ಮಗನ ತಲೆ ಮಡಿಲಲ್ಲಿಟ್ಟುಕೊಂಡ ಹೆಂಗಸಿಗೆ ನಮ್ಮಿಬ್ಬರ ಜಗಳದ ಪುರಾಣ ಹೇಳುವ ಹೊತ್ತಾ ಅದು?

ಒಬ್ಬ ಕೂಲಿ ಎರಡು ಮೈಲಿ ಓಡಿಕೊಂಡು ವರ್ಕ್‌ಶಾಪಿಗೆ ಬಂದ. ಮೊಣಕಾಲ ತನಕ ಕೆಸರು, ಉಸಿರು ಹಿಡಿಯಲಾಗುತ್ತಿರಲಿಲ್ಲ. ಇನ್ನೂ ಜೀವ ಐತೆ, ಬೇಗ ಬರ್ರಿ ಅಂದ. ವೆಲ್ಡರ್ ನನ್ನನ್ನು ಕೇಳದೆ ಎದ್ದು ಹಲಗೆಗಳನ್ನು ಹೆಗಲಿಗೆ ಹಾಕಿಕೊಂಡ. ಆಗ ನಾನು ಏನು ಮಾಡಿದೆ ಗೊತ್ತೇ? ತಡೆಯೋ, ಕಾಯಿ ಒಡೆಯದೆ ಎತ್ತಬೇಡ ಅಂದೆ. ಕೈಕಾಲು ತೊಳೆದು ಬಂದೆ. ಊದುಬತ್ತಿ ಹಚ್ಚಿ, ತಪ್ಪಾಯಿತು ಅಂತ ಹತಾರಕ್ಕೆ ಕೈಮುಗಿದು, ಕಾಯಿ ಒಡೆದೆ. ಮೊದಲ ಏಟಿಗೆ ಒಡೆಯಲಿಲ್ಲ, ಇನ್ನೆರಡು ಹಾಕಿದೆ. ಕೂಲಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ಆಮೇಲೆ ಸಾಮಾನನ್ನು ಅದಿರು ಸಾಗಿಸುವ ಟ್ರ್ಯಾಕ್ಟರಿಗೆ ಹಾಕಿಕೊಂಡು ಹೊರಟೆವು.

ಹಳ್ಳಕ್ಕೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ತಾಯಿಯ ಅಳು ದೂರದಿಂದಲೇ ಕೇಳಿಸಿತು. ಡ್ರೈವರ್ ಜೀಪಿಗೆ ಒರಗಿ ಕೆಸರಲ್ಲೇ ಕುಳಿತಿದ್ದ, ಅವನ ಪಕ್ಕದಲ್ಲಿ ಒದ್ದೆ ಟವೆಲ್ ಬಿದ್ದಿತ್ತು. ನಾನು ಸರಪಣಿ ಹೆಗಲ ಮೇಲೆ ಹಾಕಿಕೊಂಡು ಅವನ ಮುಂದೆ ಹೋಗಿ ನಿಂತೆ. ಸರಪಣಿಗೆ ಕುಂಕುಮ ಇತ್ತು, ಚೆಂಡುಹೂವು ಇನ್ನೂ ನೇತಾಡುತ್ತಿತ್ತು. ಅವನು ಅದನ್ನೂ ನೋಡಿದ, ನನ್ನನ್ನೂ ನೋಡಿದ.

"ಪೂಜೆ ಮುಗೀತಾ ಮೇಸ್ತ್ರಿಗಳೇ?" ಅಂದ.

ಉಸಿರು ನಿಂತು ಹತ್ತು ನಿಮಿಷವಾಗಿತ್ತು ಅಂತ ಇನ್ನೊಬ್ಬ ಕೂಲಿ ಹೇಳಿದ. ರಾಟೆಯ ಬೋಲ್ಟು ಬಿಗಿದು, ಹಗ್ಗವನ್ನು ಎದುರಿನ ಹೊಂಗೆಮರಕ್ಕೆ ಕಟ್ಟಿ, ಗಾಲಿಗೆ ಹಲಗೆ ಕೊಟ್ಟೆವು. ಹಿಡಿ ತಿರುಗಿಸಿದವನು ಡ್ರೈವರೇ. ಕಾಲು ಗಂಟೆಯಲ್ಲಿ ಜೀಪು ದಡ ಹತ್ತಿತು. ದುರ್ಗಕ್ಕೆ ಒಯ್ದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ಅಲ್ಲಿನ ಡಾಕ್ಟರು ಹೇಳಬೇಕಿತ್ತು. ಅವರಿಗೆ ಹೇಳುವ ಅವಕಾಶವನ್ನೇ ನಾನು ಕೊಡಲಿಲ್ಲ.

ಮಾರನೇ ದಿನ ಸಾಹೇಬರು ಇಬ್ಬರನ್ನೂ ಕರೆಸಿದರು. ಸಾಮಾನು ಯಾಕೆ ಒಯ್ಯಲಿಲ್ಲ ಅಂತ ಡ್ರೈವರನ್ನು ಕೇಳಿದರು. ಕೇಳಿದೆ, ಕೊಡಲಿಲ್ಲ ಅಂತ ಅವನು ಒಂದೇ ಮಾತಲ್ಲಿ ಹೇಳಿದ. ಸಾಹೇಬರು ನನ್ನತ್ತ ತಿರುಗಿದರು.

"ಕೇಳಿದ್ನೇನಯ್ಯ?"

"ಇಲ್ಲ ಸಾಹೇಬರೇ. ಕೇಳಿದ್ರೆ ಕೊಡ್ತಿರ್ಲಿಲ್ವಾ?"

ಅಷ್ಟು ಸಲೀಸಾಗಿ ಬಂತು ಸುಳ್ಳು, ಅರ್ಧ ಇಂಚಿನ ಬೋಲ್ಟೂ ಅಷ್ಟು ಸಲೀಸಾಗಿ ಕೂರುವುದಿಲ್ಲ. ವೆಲ್ಡರನ್ನೂ ಕರೆಸಿದರು. ಅವನಿಗೆ ಮನೆಯಲ್ಲಿ ನಾಲ್ಕು ಮಕ್ಕಳು, ತಲೆಯ ಮೇಲೆ ಮೇಸ್ತ್ರಿಯಾಗಿ ನಾನು. ಆಗ ಹಿತ್ತಲ ಕಡೆ ಇದ್ದೆ, ನೋಡಲಿಲ್ಲ ಅಂದ. ಬಿಟ್ಟು ಬಂದೆ ಅಂತ ಡ್ರೈವರೇ ಹಳ್ಳದಲ್ಲಿ ಹೇಳಿದ ಮಾತನ್ನು ತಾಯಿ ಅತ್ತುಕೊಂಡು ಒಪ್ಪಿಸಿದಳು. ಕಾಯಿ ಒಡೆದದ್ದನ್ನು ನೋಡಿದ ಕೂಲಿಯನ್ನು ಯಾರೂ ಕರೆಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಡ್ರೈವರಿನ ಲೆಕ್ಕ ಚುಕ್ತಾ ಆಯಿತು. ಟ್ರಂಕು ಹೊತ್ತುಕೊಂಡು ಅವನು ಗುಡಿಸಲು ಸಾಲು ದಾಟುವಾಗ ಆ ತಾಯಿ ಹೊರಗೆ ಬಂದು ಹಿಡಿ ಮಣ್ಣು ತೆಗೆದು ಅವನ ಮುಖಕ್ಕೆ ಎರಚಿದಳು. ನಿನ್ನ ವಂಶ ನಿರ್ವಂಶವಾಗಲಿ ಅಂತ ಶಪಿಸಿದಳು. ಹತ್ತು ಮಾರು ದೂರದಲ್ಲಿ ನಾನು ನಿಂತಿದ್ದೆ. ಅವನು ಕಣ್ಣು ಒರೆಸಿಕೊಂಡು ನಡೆದ. ನನ್ನತ್ತ ತಿರುಗಿಯೂ ನೋಡಲಿಲ್ಲ.

ಆಮೇಲೆ ಸಾಹೇಬರು, ಜೀಪಿನ ಸಾಮಾನನ್ನು ಯಾವ ಕಾರಣಕ್ಕೂ ಬಿಚ್ಚಬಾರದು, ಪೂಜೆಯೂ ಜೀಪಿನಲ್ಲೇ ಆಗಬೇಕು ಅಂತ ಹುಕುಂ ಮಾಡಿದರು. ಡ್ರೈವರ್ ಹೇಳಿದ್ದೂ ಅದನ್ನೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಎರಡು ವರ್ಷ ಕಳೆದ ಮೇಲೆ ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ಒಂದು ಲಾರಿ ನಿಂತಿದ್ದನ್ನು ಕಂಡೆ. ಅದರ ಬಲಮಗ್ಗುಲಿಗೆ ಸ್ಪ್ರಿಂಗ್ ಪಟ್ಟಿಯ ಕೊಕ್ಕೆ, ಅದರಲ್ಲಿ ಸಲಿಕೆ, ಹಾರೆ, ಹಿಂದೆ ನೀರಿನ ಕ್ಯಾನು. ನನ್ನದೇ ಕೈಕೆಲಸವನ್ನು ನೋಡಿ ನೋಡಿ ಮಾಡಿದ್ದು. ಯಾರದ್ದೆಂದು ಕೇಳಬೇಕಾಗಿರಲಿಲ್ಲ. ಚಹಾದಂಗಡಿಯಲ್ಲಿ ಅವನ ಬೆನ್ನು ಕಾಣಿಸುತ್ತಿತ್ತು. ನಾನು ರಸ್ತೆ ದಾಟಿ ಆಚೆ ಬದಿಯಿಂದ ಬಸ್ ನಿಲ್ದಾಣಕ್ಕೆ ಹೋದೆ.

ಆ ತಾಯಿ ಮಾತ್ರ ನನ್ನನ್ನು ಬಿಡಲಿಲ್ಲ. ಮಗ ಸತ್ತ ಮರುವರ್ಷದ ಆಯುಧಪೂಜೆಯ ದಿನ ತಾನೇ ಕಟ್ಟಿದ ಚೆಂಡುಹೂವಿನ ಸರ ಹಿಡಿದು, ತಲೆಯ ಮೇಲೆ ನೀರಿನ ಕೊಡ ಹೊತ್ತು ವರ್ಕ್‌ಶಾಪಿಗೆ ಬಂದಳು. ಸರವನ್ನು ರಾಟೆಗೆ ಹಾಕಿದಳು. ಕೊಡದ ನೀರನ್ನು ಜೀಪಿನ ಎರಡೂ ಕ್ಯಾನುಗಳಿಗೆ ಬಗ್ಗಿಸಿದಳು. ಖಾಲಿ ಕ್ಯಾನು ಪೂಜೆಗಿಡಬೇಡ ಕಣಪ್ಪ, ನನ್ ಮಗ ನೀರು ನೀರು ಅಂತ ಹೋದ ಅಂದಳು. ನೀನು ಇಷ್ಟೆಲ್ಲ ಮಾಡಿಟ್ಟಿದ್ದೆ, ಆ ಹಾಳಾದೋನು ಒಯ್ಯಲಿಲ್ಲ, ನಿನ್ ಕೈ ತಣ್ಣಗಿರ್ಲಿ ಅಂತ ನನ್ನ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಅದರ ಮರುವರ್ಷವೂ ಬಂದಳು, ಅದರಾಚೆಯ ವರ್ಷವೂ. ಗಣಿಯಲ್ಲಿ ನಾನಿದ್ದಷ್ಟು ವರ್ಷವೂ ಬಂದಳು.

ನನ್ನ ಕೊನೆಯ ವರ್ಷ, ಹೇಳಿಯೇಬಿಡೋಣ ಅಂತ ಹಿಂದಿನ ದಿನವೇ ಗಟ್ಟಿಮನಸ್ಸು ಮಾಡಿದ್ದೆ. ಅವಳು ರಾಟೆಗೆ ಸರ ಹಾಕುತ್ತಿದ್ದಳು, ಬೆನ್ನು ಆಗಲೇ ಬಾಗಿತ್ತು.

"ಅಮ್ಮ, ಅವತ್ತು..." ಅಂದೆ.

ಅವಳು ತಲೆಯೆತ್ತಿ ಏನಪ್ಪ ಅಂದಳು.

"ರಾಟೆಗೆ ಗ್ರೀಸು ಹಚ್ಚೈತೆ, ಸೀರೆಗಾದೀತು. ಈಚೆ ಬಾ."

ಅವಳು ಈಚೆ ಬಂದಳು. ಕ್ಯಾನುಗಳಿಗೆ ನೀರು ತುಂಬಿದಳು, ಕೊಡದ ತಳದಲ್ಲಿ ಉಳಿದಿದ್ದನ್ನು ನನ್ನ ಕೈಮೇಲೆ ಹಾಕಿ ಕುಡಿಯಪ್ಪ ಅಂದಳು. ನಾನು ಬೊಗಸೆಯೊಡ್ಡಿ ಕುಡಿದೆ.